ವಿಮಾನಕ್ಕೆ ಬುತ್ತಿ ಕಟ್ಟುವ ಬಗೆ

ಬೆಂಗಳೂರಿನಿಂದ ದೆಹಲಿಗೆ ಹಾರಾಟ ಹತ್ತಿರಹತ್ತಿರ ಮೂರು ಗಂಟೆ. ಬುತ್ತಿ ಕಟ್ಟುವವರು ಎಡವುವುದೂ ಇಲ್ಲೇ. ಮೂರು ಗಂಟೆಗೆ ಎಷ್ಟು ಬೇಕಪ್ಪ ಅಂತ ಎರಡು ಬಿಸ್ಕತ್ ಪೊಟ್ಟಣ ತುರುಕಿ ಹೊರಡುತ್ತಾರೆ. ಜಯನಗರದಿಂದ ದೇವನಹಳ್ಳಿ ಮುಟ್ಟಲು ಒಂದೂವರೆಯಿಂದ ಎರಡು ಗಂಟೆ, ನಿಲ್ದಾಣದಲ್ಲಿ ಎರಡು ಗಂಟೆ, ಇಳಿದು ಲಗೇಜು ಬಂದು ಕ್ಯಾಬ್ ಸಿಕ್ಕಿ ನೆಂಟರ ಮನೆ ಸೇರಲು ಇನ್ನೊಂದೂವರೆ ಗಂಟೆ. ಎಲ್ಲ ಸೇರಿ ಎಂಟು ಗಂಟೆಯ ಮಾತು. ಲೆಕ್ಕವನ್ನು ಹೊಸ್ತಿಲಿನಿಂದ ಹೊಸ್ತಿಲಿಗೆ ಹಾಕಬೇಕು.

ಇಬ್ಬರು ದೊಡ್ಡವರು, ಏಳು ವರ್ಷದ ಒಂದು ಮಗು, ಒಂದೂವರೆ ವರ್ಷದ ಒಂದು ಕೂಸು ಎಂದಿಟ್ಟುಕೊಳ್ಳಿ. ಎಂಟು ಗಂಟೆಗೆ ಒಂದು ಹೊತ್ತಿನ ಊಟ, ಎರಡು ಸಲದ ಕುರುಕಲು, ಮೇಲೊಂದು ಆಪತ್ತಿನ ಗಂಟು. ಊಟಕ್ಕೆ 12 ಇಡ್ಲಿ, ಇಲ್ಲವೇ 200 ಗ್ರಾಂ ಅಕ್ಕಿಯ ಪುಳಿಯೋಗರೆ. ಕುರುಕಲು ಸಲಕ್ಕೆ ತಲಾ 50 ಗ್ರಾಂ ಹಿಡಿದರೆ ಮೂವರಿಗೆ 300 ಗ್ರಾಂ ಆಯಿತು. ಆಪತ್ತಿನ ಗಂಟನ್ನು ವಿಮಾನ ತಡವಾದರೆ ಮಾತ್ರ ಬಿಚ್ಚುವುದು. ತಡವಾದರೆ ವಿಮಾನ ಕಂಪನಿಯೇ ತಿಂಡಿ ಕೊಡಬೇಕೆಂಬ ನಿಯಮ ನಮ್ಮಲ್ಲಿದೆ. ಆದರೆ ಎರಡೂವರೆ ಗಂಟೆಯೊಳಗಿನ ಹಾರಾಟಕ್ಕೆ 2 ಗಂಟೆ, ಐದು ಗಂಟೆಯೊಳಗಿನದಕ್ಕೆ 3 ಗಂಟೆ ತಡವಾಗುವುದು ಖಚಿತವಾದ ಮೇಲಷ್ಟೇ ಅದು ಜಾರಿಗೆ ಬರುತ್ತದೆ. ಹಸಿದ ಮಗು ಅಷ್ಟು ಹೊತ್ತು ಕಾಯುವುದಿಲ್ಲ.

ಮೊದಲು ತಪಾಸಣೆ, ಆಮೇಲೆ ರುಚಿ

ಏನು ಕಟ್ಟಬೇಕು ಎನ್ನುವುದನ್ನು ಅಡುಗೆಮನೆಗಿಂತ ಮೊದಲು ನಿಲ್ದಾಣದ ಭದ್ರತಾ ಪಡೆ ಸಿಐಎಸ್‌ಎಫ್‌ನವರ ಎಕ್ಸ್‌ರೇ ಯಂತ್ರ ನಿರ್ಧರಿಸುತ್ತದೆ. ದೇಶದೊಳಗಿನ ಹಾರಾಟಕ್ಕೆ ನೀರಿನ ಬಾಟಲಿಯನ್ನು ಸಾಮಾನ್ಯವಾಗಿ ಬಿಡುತ್ತಾರೆ, ಕೆಲವೊಮ್ಮೆ ಒಂದು ಗುಟುಕು ಕುಡಿದು ತೋರಿಸಿ ಎನ್ನುತ್ತಾರೆ. ಹೊರದೇಶದ ಹಾರಾಟಕ್ಕಾದರೆ 100 ಮಿಲಿ ಮೀರಿದ ಪಾತ್ರೆಯಲ್ಲಿ ದ್ರವ ಒಯ್ಯುವಂತಿಲ್ಲ. ದ್ರವ ಎಂದರೆ ನೀರು, ಜ್ಯೂಸ್ ಮಾತ್ರವಲ್ಲ. ಮೊಸರು, ತುಪ್ಪ, ಜೇನು, ಜಾಮ್, ಕಾಯಿಚಟ್ನಿ, ಗೊಜ್ಜು ಎಲ್ಲವೂ ಆ ಲೆಕ್ಕಕ್ಕೇ ಬೀಳುತ್ತವೆ. ಅರ್ಧ ಲೀಟರ್ ಬಾಟಲಿಯ ತಳದಲ್ಲಿ 50 ಮಿಲಿ ಇದ್ದರೂ ಬಿಡುವುದಿಲ್ಲ, ಅವರು ನೋಡುವುದು ಪಾತ್ರೆಯ ಅಳತೆಯನ್ನು. ಕೂಸಿನ ಹಾಲು, ಔಷಧಿಗೆ ವಿನಾಯಿತಿ ಇದೆ. ಅವನ್ನು ಬ್ಯಾಗಿನ ತಳದಲ್ಲಿ ಬಚ್ಚಿಡದೆ ಮೊದಲೇ ತೆಗೆದು ಟ್ರೇಯಲ್ಲಿಟ್ಟು, ಇಂಥದ್ದು ಎಂದು ಹೇಳಿಬಿಡಿ.

ಖಾರದಪುಡಿ, ಮಸಾಲೆ ಪುಡಿ ಕೈಚೀಲದಲ್ಲಿ ಬೇಡ. ಚಟ್ನಿಪುಡಿಯ ಡಬ್ಬಿಗೂ ಇದೇ ಪಾಡು ಬರಬಹುದು. ಅದನ್ನು ಮನೆಯಲ್ಲೇ ಇಡ್ಲಿಗೆ ಸವರಿಬಿಟ್ಟರೆ ಆ ತಕರಾರೇ ಇಲ್ಲ. ಉಪ್ಪಿನಕಾಯಿ, ಅದರಲ್ಲೂ ಮೆಣಸಿನಕಾಯಿಯದು, ಚೆಕ್-ಇನ್ ಲಗೇಜಿಗೆ ಹೋಗಲಿ. ಕೊಬ್ಬರಿ ಗಿಟುಕನ್ನು ಮಾತ್ರ ಎಲ್ಲೂ ಇಡಬೇಡಿ. ಎಣ್ಣೆಯಂಶ ಹೆಚ್ಚಿರುವ ಅದು ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಮಗಳ ಮನೆಗೆಂದು ನಾಲ್ಕು ಗಿಟುಕು ಸೂಟ್‌ಕೇಸಿನಲ್ಲಿಟ್ಟರೆ ಆ ಸೂಟ್‌ಕೇಸನ್ನೇ ಪಕ್ಕಕ್ಕೆ ತೆಗೆದು ನಿಮ್ಮನ್ನು ಕರೆಸುತ್ತಾರೆ.

ಸ್ಟೀಲ್ ಡಬ್ಬಿಗೆ ನಿಷೇಧವಿಲ್ಲ. ಆದರೆ ಎಕ್ಸ್‌ರೇ ಪರದೆಯಲ್ಲಿ ಅದು ಕಪ್ಪು ಉಂಡೆಯಾಗಿ ಕಾಣುವುದರಿಂದ ಬ್ಯಾಗು ಬಿಚ್ಚಿಸುವ ಸಾಧ್ಯತೆ ಹೆಚ್ಚು. ಒಳಗಿನದು ಕಾಣುವ ಪ್ಲಾಸ್ಟಿಕ್ ಡಬ್ಬಿ, ಜಿಪ್ ಕವರ್ ವಾಸಿ. ಬುತ್ತಿಯನ್ನೆಲ್ಲ ಒಂದೇ ಬಟ್ಟೆಚೀಲದಲ್ಲಿ ಬೇರೆಯಾಗಿ ಇಡಿ, ಬಿಚ್ಚಿ ತೋರಿಸಿ ಎಂದರೂ ಒಳಉಡುಪುಗಳ ನಡುವೆ ಚಕ್ಕುಲಿ ಹುಡುಕುವ ಪಾಡು ಬರುವುದಿಲ್ಲ. ಚಾಕು ಬೇಡವೇ ಬೇಡ, ಹಣ್ಣನ್ನು ಮನೆಯಲ್ಲೇ ಹೆಚ್ಚಿಕೊಳ್ಳಿ.

ಇಡ್ಲಿ, ಸರಿಯಾಗಿ

ಪ್ರಯಾಣಕ್ಕೆ ಇಡ್ಲಿಯಷ್ಟು ಒಗ್ಗುವ ತಿಂಡಿ ಇನ್ನೊಂದಿಲ್ಲ. ಕೈ ಅಂಟುವುದಿಲ್ಲ, ಚಮಚ ಬೇಡ, ಕೂಸಿನಿಂದ ಅಜ್ಜಿಯವರೆಗೆ ಎಲ್ಲರಿಗೂ ಆಗುತ್ತದೆ. ಆದರೂ ಬಹಳ ಜನರ ಇಡ್ಲಿ ಮಧ್ಯಾಹ್ನಕ್ಕೆ ಹಳಸುತ್ತದೆ. ಕಾರಣ ಒಂದೇ, ಬಿಸಿಬಿಸಿಯಾಗಿ ಡಬ್ಬಿಗೆ ತುಂಬಿ ಮುಚ್ಚಳ ಹಾಕುವುದು. ಹಬೆ ಮುಚ್ಚಳಕ್ಕೆ ತಗುಲಿ ನೀರಾಗಿ ಇಡ್ಲಿಯ ಮೇಲೆ ತೊಟ್ಟಿಕ್ಕುತ್ತದೆ, ಒದ್ದೆ ಇಡ್ಲಿ ನಾಲ್ಕೈದು ಗಂಟೆಯಲ್ಲಿ ಲೋಳೆಯಾಗುತ್ತದೆ.

ಹಿಟ್ಟು ಉಕ್ಕಿರಲಿ, ಆದರೆ ಹುಳಿ ಮೀರಿರಬಾರದು. ಬೆಂದ ಮೇಲೆ ಐದು ನಿಮಿಷ ಬಿಟ್ಟು ಬಿಡಿಸಿ, ಒಂದರ ಮೇಲೊಂದು ಪೇರಿಸದೆ ಅಗಲವಾದ ತಟ್ಟೆಯಲ್ಲಿ ಹರಡಿ ಫ್ಯಾನಿನ ಕೆಳಗೆ 20 ನಿಮಿಷ ಇಡಿ. ಅಂಗೈ ಹಿಂಬದಿಗೆ ತಾಗಿಸಿದರೆ ತಣ್ಣಗೆನಿಸಬೇಕು. ಅಷ್ಟರಲ್ಲಿ 5 ದೊಡ್ಡ ಚಮಚ ಚಟ್ನಿಪುಡಿಗೆ 4 ದೊಡ್ಡ ಚಮಚ ಎಳ್ಳೆಣ್ಣೆ ಕಲಸಿ. ಚಮಚ ಬಗ್ಗಿಸಿದರೆ ಸುರಿಯದೆ ನಿಧಾನಕ್ಕೆ ಜಾರುವ ಹದ. ಎಣ್ಣೆ ಹೆಚ್ಚಾದರೆ ಡಬ್ಬಿಯ ತಳದಲ್ಲಿ ನಿಂತು ಮಕ್ಕಳ ಅಂಗಿಗೆ ಬರುತ್ತದೆ. ತುಪ್ಪದ ಆಸೆ ಇಲ್ಲಿ ಬೇಡ: ಎಸಿ ತಂಪಿಗೆ ಅದು ಗಟ್ಟಿಯಾಗಿ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ. ಇಡ್ಲಿಯ ಎರಡೂ ಬದಿಗೆ ತೆಳ್ಳಗೆ ಸವರಿ, ಕೂಸಿನ ಪಾಲಿನ ಎರಡನ್ನು ಖಾರವಿಲ್ಲದೆ ಬೇರೆ ಇಡಿ. ಬಾಳೆ ಎಲೆಯನ್ನು ಉರಿಯ ಮೇಲೆ ಆಡಿಸಿ ಬಾಡಿಸಿಕೊಂಡರೆ ಮಡಚುವಾಗ ಸೀಳುವುದಿಲ್ಲ. ಒಂದು ಎಲೆಯಲ್ಲಿ ಒಬ್ಬರ ಪಾಲು ಕಟ್ಟಿದರೆ ಸೀಟಿನಲ್ಲಿ ಹಂಚುವ ರಗಳೆ ತಪ್ಪುತ್ತದೆ. ಶೇಂಗಾ ಚಟ್ನಿಪುಡಿ ಬಳಸಿದ್ದರೆ ಒಂದು ಮಾತು: ಅಕ್ಕಪಕ್ಕದಲ್ಲಿ ಯಾರಿಗಾದರೂ ಕಡಲೆಕಾಯಿ ಒಗ್ಗುವುದಿಲ್ಲವೆಂದು ಸಿಬ್ಬಂದಿ ಹೇಳಿದರೆ ಪೊಟ್ಟಣ ಬಿಚ್ಚಬೇಡಿ.

ಪುಳಿಯೋಗರೆಗೂ ತಣಿಸುವ ನಿಯಮವೇ. ಅನ್ನ ಉದುರಾಗಿರಲಿ, ಅಗಲಕ್ಕೆ ಹರಡಿ ಎಣ್ಣೆ ಹಾಕಿ ಆರಿಸಿ, ಆಮೇಲೆ ಗೊಜ್ಜು ಕಲಸಿ. ಹುಣಸೆಯ ಹುಳಿ ಕೆಡದಂತೆ ಕಾಯುತ್ತದೆ. ಆದರೆ ಮೇಲೆ ಹಸಿ ತೆಂಗಿನತುರಿ ಉದುರಿಸಿದಿರೋ, ಆ ಕಾವಲು ಅಲ್ಲಿಗೆ ಮುಗಿಯಿತು. ಚಿತ್ರಾನ್ನ ಬೇಗ ಕೆಡುವುದಕ್ಕೆ ಆ ತುರಿಯೂ ಒಂದು ಕಾರಣ. ಬೆಚ್ಚಗಿನ ಅನ್ನ ಗಂಟೆಗಟ್ಟಲೆ ಮುಚ್ಚಿಟ್ಟರೆ ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿ ವಾಂತಿ ತರಿಸುತ್ತದೆ, ಮತ್ತೆ ಬಿಸಿ ಮಾಡಿದರೂ ಅದರ ವಿಷ ಹೋಗುವುದಿಲ್ಲ. ಮೊಸರನ್ನ ಬೇಕೇ ಬೇಕು ಎನ್ನುವವರು ಅದನ್ನು ಮನೆಯಿಂದ ಹೊರಡುವ ಮುಂಚೆ ಉಂಡು ಮುಗಿಸುವುದು ಲೇಸು.

ಕುರುಕಲು, ಸಿಹಿ, ಹಣ್ಣು

ಚಕ್ಕುಲಿ, ಕೋಡುಬಳೆ ರುಚಿಗೇನೋ ಸರಿ, ಆದರೆ ಮುರಿದು ಪುಡಿಯಾಗುತ್ತವೆ. ದುಂಡು ಡಬ್ಬಿಯಲ್ಲಿ ನಿಲ್ಲಿಸಿ ನಡುವೆ ಕಾಗದ ತುರುಕಿ. ನಿಪ್ಪಟ್ಟು ಚಿಕ್ಕದಾಗಿ, ಒಂದೇ ಬಾಯಿಗೆ ಹೋಗುವ ಗಾತ್ರದಲ್ಲಿ ತಟ್ಟಿದರೆ ಸೀಟಿನ ಮೇಲೆ ಪುಡಿ ಬೀಳುವುದಿಲ್ಲ. ಜೋಳದ ಖಡಕ್ ರೊಟ್ಟಿ ಇಕ್ಕಟ್ಟಿನ ಸೀಟಿಗೆ ಹೇಳಿದ್ದಲ್ಲ. ಆಪತ್ತಿನ ಗಂಟಿಗೆ ಉತ್ತರ ಕರ್ನಾಟಕದ ಶೇಂಗಾ ಹೋಳಿಗೆಯನ್ನು ಮೀರಿಸುವುದು ಕಷ್ಟ. ಹೂರಣದಲ್ಲಿ ಹುರಿದ ಶೇಂಗಾ, ಬೆಲ್ಲ ಬಿಟ್ಟರೆ ನೀರಿನಂಶವೇ ಇಲ್ಲ, ವಾರವಾದರೂ ಕೆಡದು. ಬೇಳೆ ಹೋಳಿಗೆ ಮರುದಿನಕ್ಕೇ ಹುಳಿ ವಾಸನೆ ಹಿಡಿಯುತ್ತದೆ.

ಹುರಿಗಾಳು, ಕಡಲೆ, ಸೋಡಾ ಇವನ್ನು ಹಾರಾಟದ ನಂತರಕ್ಕೆ ಇಟ್ಟುಕೊಳ್ಳಿ. ಮೇಲೆ ಹೋದಂತೆ ಹೊಟ್ಟೆಯೊಳಗಿನ ವಾಯುವೂ ಹಿಗ್ಗುತ್ತದೆ, ಅಕ್ಕಪಕ್ಕದವರಿಗೆ ಓಡಿಹೋಗಲು ಜಾಗವಿಲ್ಲ. ಹಲಸಿನ ತೊಳೆ, ಬೇಯಿಸಿದ ಮೊಟ್ಟೆಗೂ ಇದೇ ಕಾರಣಕ್ಕೆ ರಜೆ ಕೊಡಿ.

ಏಲಕ್ಕಿ ಬಾಳೆಹಣ್ಣು ಹಿಂದಿನ ದಿನ ಇನ್ನೂ ತುದಿ ಹಸಿರಿರುವಂಥದ್ದನ್ನು ಆರಿಸಿ, ಗಟ್ಟಿ ಡಬ್ಬಿಯಲ್ಲಿಡಿ. ಸೇಬು ಹೆಚ್ಚಿದರೆ ಚಿಟಿಕೆ ಉಪ್ಪು ಹಾಕಿದ ನೀರಲ್ಲಿ ಐದು ನಿಮಿಷ ಅದ್ದಿ ಒರೆಸಿದರೆ ಕಪ್ಪಾಗುವುದು ತಡವಾಗುತ್ತದೆ. ದ್ರಾಕ್ಷಿಯನ್ನು ಚಿಕ್ಕವರಿಗೆ ಉದ್ದಕ್ಕೆ ಸೀಳಿಯೇ ಕೊಡಬೇಕು. ಇಡೀ ಶೇಂಗಾ, ಗಟ್ಟಿ ಪೆಪ್ಪರ್‌ಮಿಂಟ್ ನಾಲ್ಕು ವರ್ಷದೊಳಗಿನವರಿಗೆ ಬೇಡ. ಗಂಟಲಲ್ಲಿ ಸಿಕ್ಕಿದರೆ ಅಲ್ಲಿ ಆಸ್ಪತ್ರೆ ಹತ್ತಿರವಿಲ್ಲ.

ಬಾಟಲಿ ಚಿಮ್ಮುವುದೇಕೆ

ಊಟಿ ಬಸ್ಸಿನಲ್ಲಿ ಘಾಟಿ ಏರಿದಂತೆ ಚಿಪ್ಸ್ ಪೊಟ್ಟಣ ಉಬ್ಬುವುದನ್ನು ನೋಡಿರುತ್ತೀರಿ. ವಿಮಾನದೊಳಗೂ ಅದೇ ನಡೆಯುತ್ತದೆ. ಒಳಗಿನ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ 6000ದಿಂದ 8000 ಅಡಿ ಎತ್ತರದ ಮಟ್ಟದಲ್ಲಿ ಇಟ್ಟಿರುತ್ತಾರೆ. ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲೋ ಊಟಿಯಲ್ಲೋ ಕೂತ ಹಾಗೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಮುಚ್ಚಿದ ಡಬ್ಬಿಯೊಳಗಿನ ಗಾಳಿ ಮೇಲೆ ಐದನೇ ಒಂದು ಪಾಲಿನಷ್ಟು ಹಿಗ್ಗಲು ನೋಡುತ್ತದೆ. ಕಡಲ ಮಟ್ಟದ ಮಂಗಳೂರಿನಲ್ಲಿ ಮುಚ್ಚಿದ್ದು ಮೂರನೇ ಒಂದು ಪಾಲಿನಷ್ಟು. ದೆಹಲಿಯಿಂದ ಹಿಂದಿರುಗುವಾಗಲೂ ಹೆಚ್ಚುಕಡಿಮೆ ಅಷ್ಟೇ.

ಮಕ್ಕಳ ಸ್ಟ್ರಾ ಬಾಟಲಿಯಲ್ಲಿ ಈ ಗಾಳಿ ನೀರನ್ನು ಕೆಳಕ್ಕೆ ಒತ್ತುತ್ತದೆ, ಸ್ಟ್ರಾ ಮಡಿಕೆ ಬಿಚ್ಚಿದ ಕೂಡಲೇ ನೀರು ಮುಂದಿನ ಸೀಟಿನವರ ತಲೆಯವರೆಗೆ ಚಿಮ್ಮುತ್ತದೆ. ಉಪಾಯ ಸುಲಭ: ಸ್ಟ್ರಾ ಮುಟ್ಟುವ ಮೊದಲು ದೊಡ್ಡ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ ಗಾಳಿ ಬಿಡಿ. ಅರ್ಧ ತುಂಬಿದ ಬಾಟಲಿಯೇ ಹೆಚ್ಚು ಚಿಮ್ಮುವುದು, ಏಕೆಂದರೆ ಅದರಲ್ಲಿ ಗಾಳಿ ಹೆಚ್ಚು. ಮಜ್ಜಿಗೆ ಬೇಡ, ದಾರಿಯಲ್ಲೇ ಹುದುಗಿ ಒತ್ತಡಕ್ಕೆ ಒತ್ತಡ ಸೇರಿಸುತ್ತದೆ. ಬಾಟಲಿಗೆ ತುಂಬಿದ ಎಳನೀರೂ ಕೆಲವೇ ಗಂಟೆಗಳಲ್ಲಿ ಹುಳಿಯಾಗುತ್ತದೆ. ಇಳಿದ ಮೇಲೆ ಇದರ ಉಲ್ಟಾ: ಆಕಾಶದಲ್ಲಿ ಮುಚ್ಚಿದ ಡಬ್ಬಿಯ ಮುಚ್ಚಳ ಬಿಗಿದು ಕೂರುತ್ತದೆ, ಚಮಚದ ಹಿಡಿಯಿಂದ ಅಂಚು ಎತ್ತಿದರೆ ಬರುತ್ತದೆ.

ಕುಡಿಯುವ ನೀರಿಗೆ ಖಾಲಿ ಬಾಟಲಿ ಒಯ್ದು ತಪಾಸಣೆಯಾದ ಮೇಲೆ ತುಂಬಿಸಿಕೊಳ್ಳುವುದೇ ಸರಿ. ಒಳಗಿನ ಗಾಳಿ ಬಹಳ ಒಣದು, ಗಂಟೆಗೊಂದು ಸಣ್ಣ ಲೋಟದಷ್ಟು ನೀರು ಕುಡಿಸುತ್ತಿರಿ. ಆ ಒಣ ಹವೆ, ಎಂಜಿನ್ ಸದ್ದಿಗೆ ಉಪ್ಪು, ಸಿಹಿ ನಾಲಿಗೆಗೆ ಮಂಕಾಗಿ ತಟ್ಟುತ್ತವೆ. ಉಪ್ಪು ಹೆಚ್ಚಿಸಿದರೆ ಬಾಯಾರಿಕೆ ಹೆಚ್ಚುತ್ತದೆ, ಹುಳಿ ಸ್ವಲ್ಪ ಮುಂದಿರಲಿ.

ಕೂಸಿಗೆ ಹಾಲಿನ ಪುಡಿಯನ್ನು ಒಂದೊಂದು ಸಲಕ್ಕೆ ಅಳೆದು ಚಿಕ್ಕ ಡಬ್ಬಿಗಳಲ್ಲಿಡಿ, ಬಿಸಿನೀರು ಫ್ಲಾಸ್ಕಿನಲ್ಲಿ ಬೇರೆ. ಕಲಸಿಟ್ಟ ಹಾಲು ಎರಡು ಗಂಟೆ ದಾಟಿದರೆ ಚೆಲ್ಲಿಬಿಡಬೇಕು. ರಾಗಿ ಹುರಿಹಿಟ್ಟಿಗೂ ಇದೇ ಕ್ರಮ. ಎಂಟು ಗಂಟೆಗೆ ಎಷ್ಟು ಸಲದ್ದು ಬೇಕೋ ಅದಕ್ಕೆ ಎರಡು ಸಲದ್ದು ಸೇರಿಸಿ. ಒಂದು ಬಾಟಲಿಯನ್ನು ಮಾತ್ರ ಇಳಿಯುವ ಹೊತ್ತಿಗೆ ಎತ್ತಿಡಿ. ನೆಲ ಮುಟ್ಟುವ ಅರ್ಧ ಗಂಟೆ ಮೊದಲಿನಿಂದ ವಿಮಾನ ಇಳಿಯತೊಡಗುತ್ತದೆ, ಕಿವಿ ನೋಯುವುದು ಆಗಲೇ. ನುಂಗುತ್ತಿದ್ದರೆ ಕಿವಿ ಬಿಡುತ್ತದೆ. ಮಲಗಿದ್ದ ಮಗುವನ್ನು ಪಾಪ ಅಂತ ಬಿಡದೆ ಎಬ್ಬಿಸಿ ಕುಡಿಸಿ. ದೊಡ್ಡ ಮಕ್ಕಳು ಏನನ್ನಾದರೂ ಅಗಿಯುತ್ತಿರಲಿ.

ಹೊರದೇಶಕ್ಕಾದರೆ

ದುಬೈ, ಅಬುಧಾಬಿಗೆ ಹೋಗುವವರು ಗಸಗಸೆಯನ್ನು ಮರೆತುಬಿಡಬೇಕು. ಯುಎಇಯಲ್ಲಿ ಅದು ಮಾದಕವಸ್ತುಗಳ ಸಾಲಿಗೆ ಸೇರಿದ ನಿಷಿದ್ಧ ವಸ್ತು. ಗಸಗಸೆ ಪೊಟ್ಟಣವನ್ನು ಯಾರೂ ಒಯ್ಯಲಿಕ್ಕಿಲ್ಲ, ಆದರೆ ಕಜ್ಜಾಯದ ಮೈಮೇಲೆ, ಕರ್ಜಿಕಾಯಿಯ ಹೂರಣದೊಳಗೆ ಅದು ಇದ್ದೇ ಇರುತ್ತದೆ. ಅತ್ತೆ ಪ್ರೀತಿಯಿಂದ ಕೊಟ್ಟ ಡಬ್ಬಿಯಾದರೂ ಕೇಳಿಯೇ ತುಂಬಿ, ಗಸಗಸೆಯ ಬದಲು ಬಿಳಿ ಎಳ್ಳು ಹಾಕಿಸಿ. ಸಿಂಗಪುರಕ್ಕೆ ಚೂಯಿಂಗ್ ಗಮ್ ಒಯ್ಯುವಂತಿಲ್ಲ, ಕಿವಿಗೆಂದು ಇಟ್ಟುಕೊಂಡಿದ್ದರೂ ಸರಿ. ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಕೈಯಲ್ಲಿರುವ ತಿನಿಸನ್ನೆಲ್ಲ ಘೋಷಿಸಬೇಕು. ಬ್ಯಾಗಿನ ಮೂಲೆಯಲ್ಲಿ ಮರೆತ ಒಂದು ಬಾಳೆಹಣ್ಣಿಗೂ ದಂಡ ಬೀಳಬಹುದು, ಉಳಿದ ಹಣ್ಣನ್ನು ಇಳಿಯುವ ಮುಂಚೆ ತಿನ್ನಿ, ಇಲ್ಲವೇ ಸಿಬ್ಬಂದಿಯ ಕಸದ ಚೀಲಕ್ಕೆ ಹಾಕಿ. ನಡುವೆ ವಿಮಾನ ಬದಲಿಸುವ ಊರಿನಲ್ಲಿ ಮತ್ತೆ ತಪಾಸಣೆ ಇರುವುದುಂಟು, ಅಲ್ಲಿಗೆ ಮುಂಚೆ ನೀರಿನ ಬಾಟಲಿ ಖಾಲಿಯಾಗಿರಲಿ.

ಚೀಲ ತುಂಬುವಾಗ ಕೊನೆಗೆ ತಿನ್ನುವುದು ತಳಕ್ಕೆ, ಮೊದಲು ಬೇಕಾದದ್ದು ಮೇಲಕ್ಕೆ. ಚೀಲವನ್ನು ಮುಂದಿನ ಸೀಟಿನ ಕೆಳಗೇ ಇಡಿ; ತಲೆಯ ಮೇಲಿನ ಕಪಾಟಿಗೆ ಹಾಕಿದರೆ ಸೀಟ್‌ಬೆಲ್ಟ್ ದೀಪ ಉರಿಯುವಷ್ಟು ಹೊತ್ತೂ ಅದು ಕೈಗೆ ಸಿಗದು. ಟ್ರೇ ಒರೆಸಲು ಒಂದು ಒದ್ದೆ ಬಟ್ಟೆ, ಕಸಕ್ಕೆ ಮೂರು ಖಾಲಿ ಕವರ್ ಹೊರಜೇಬಿನಲ್ಲಿರಲಿ. ಅದರಲ್ಲೊಂದನ್ನು ಮಾತ್ರ ಕಸಕ್ಕೆ ಬಳಸದೆ ಉಳಿಸಿಕೊಳ್ಳಿ, ಇಳಿಯುವಾಗಿನ ಕುಲುಕಾಟಕ್ಕೆ ಮಕ್ಕಳ ಹೊಟ್ಟೆ ತೊಳಸಿದರೆ ಬೇಕಾಗುವುದು ಅದೇ.