ಹೇಳಿದಳೋ, ಹೇಳಿದರೋ: ಕುವೈತಿನ ಪತ್ರಿಕೆಗಳಲ್ಲಿ ಮಹಿಳಾ ಅಭ್ಯರ್ಥಿಗಳನ್ನು ಓದಿದ ನನ್ನ ಅನುಭವ

2008ರ ಮೇ ತಿಂಗಳಿಡೀ ನನ್ನ ದಿನ ಬೆಳಗಿನ ಜಾವ ಐದಕ್ಕೆ ಶುರುವಾಗುತ್ತಿತ್ತು. ಕುವೈತ್ ಸಿಟಿಯ ಒಂದು ಅನುವಾದ ಕಚೇರಿಯಲ್ಲಿ ಕೆಲಸ. ಅಲ್ ಕಬಸ್, ಅಲ್ ರಾಯ್, ಅಲ್ ವತನ್, ಅಲ್ ಅನ್ಬಾ, ಅಲ್ ಜರೀದಾ ಪತ್ರಿಕೆಗಳು ಮೇಜಿನ ಮೇಲೆ ಬಂದು ಬೀಳುತ್ತಿದ್ದವು. ಎಂಟು ಗಂಟೆಯೊಳಗೆ ಇಂಗ್ಲಿಷ್ ಸಾರಾಂಶ ಸಿದ್ಧವಾಗಬೇಕು. ಅರಬ್ಬಿಯ ಮೊದಲ ಅಕ್ಷರ ತಿದ್ದಿದ್ದು ಉಳ್ಳಾಲದ ಮದರಸದಲ್ಲಿ. ಮನೆಮಾತು ಬ್ಯಾರಿ. ಆದರೆ ನನ್ನ ಖಾಸಗಿ ಟಿಪ್ಪಣಿಗಳೆಲ್ಲ ಕನ್ನಡದಲ್ಲಿ. ಶಾಲೆಯಲ್ಲಿ ಬರೆದು ಬರೆದು ಕೈ ಪಳಗಿದ್ದು ಅದರಲ್ಲೇ.

ಕುವೈತಿನ ಹೆಂಗಸರಿಗೆ ಮತದಾನದ ಹಕ್ಕು, ಸ್ಪರ್ಧಿಸುವ ಹಕ್ಕು ಸಿಕ್ಕಿದ್ದು 2005ರ ಮೇ 16ರಂದು. ಮರುವರ್ಷದ ಚುನಾವಣೆಯಲ್ಲಿ ಯಾವ ಮಹಿಳೆಯೂ ಗೆಲ್ಲಲಿಲ್ಲ. 2008ರಲ್ಲಿ 27 ಮಹಿಳೆಯರು ಕಣದಲ್ಲಿದ್ದರು. ಅವರ ಬಗ್ಗೆ ಪತ್ರಿಕೆಗಳು ಹೇಗೆ ಬರೆಯುತ್ತವೆ ಎಂದು ಪ್ರತ್ಯೇಕವಾಗಿ ದಾಖಲಿಸಿಡುವ ಕೆಲಸ ನನ್ನ ಪಾಲಿಗೆ ಬಂತು. ಹೇಗೆ ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ.

ನನಗೆ ತೋಚಿದ್ದು ಅಳೆಯುವುದು. ಸ್ಕೇಲು ಹಿಡಿದು ಕಾಲಂ ಉದ್ದ ಅಳೆದೆ, ಫೋಟೋ ಎಣಿಸಿದೆ, ಪುಟಸಂಖ್ಯೆ ಬರೆದುಕೊಂಡೆ. ಎರಡು ವಾರವಾದ ಮೇಲೆ ನೋಡಿದರೆ ಮಹಿಳೆಯರಿಗೆ ಜಾಗ ಧಾರಾಳವಾಗಿಯೇ ಸಿಕ್ಕಿತ್ತು. ಪರವಾಗಿಲ್ಲವಲ್ಲ ಎಂದು ಸಮಾಧಾನವಾಯಿತು. ಆ ಸಮಾಧಾನ ತಪ್ಪಾಗಿತ್ತು.

ತಪ್ಪು ಗೊತ್ತಾಗಿದ್ದು ಒಂದು ಹಂಝದಿಂದ, ಅಂದರೆ ಅರಬ್ಬಿ ಬರಹದ ಒಂದು ಪುಟ್ಟ ಗುರುತಿನಿಂದ. ಒಬ್ಬ ಅಭ್ಯರ್ಥಿಯ ಭಾಷಣದ ವರದಿಯಲ್ಲಿ ಒಂದು ಪದದ ಮೇಲೆ ಇರಬೇಕಾದ ಹಂಝ ಬಿಟ್ಟುಹೋಗಿತ್ತು. ಅದೇ ದಿನ ಇನ್ನೊಂದು ಪತ್ರಿಕೆ ತೆರೆದರೆ ಅದೇ ಪದ, ಅದೇ ಜಾಗದಲ್ಲಿ ಅದೇ ಹಂಝ ನಾಪತ್ತೆ. ಎರಡನ್ನೂ ಅಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದೆ. ಸಾಲಿಗೆ ಸಾಲು ಒಂದೇ. ಪ್ರಚಾರ ಕಚೇರಿ ಕಳಿಸಿದ ಹೇಳಿಕೆಯನ್ನು ಇಬ್ಬರೂ ಹಾಗೆಯೇ ಹಾಕಿದ್ದರು. ನಾನು ಅಳೆದಿದ್ದ ಜಾಗದಲ್ಲಿ ವರದಿಗಾರ ಎದ್ದು ಹೋಗಿ, ಕೇಳಿ, ಬರೆದದ್ದೆಷ್ಟು? ಅಂದಿನಿಂದ ಪ್ರತಿ ಕಟಿಂಗಿನ ಮೂಲೆಯಲ್ಲಿ ಮೂರರಲ್ಲಿ ಒಂದು ಗುರುತು ಹಾಕತೊಡಗಿದೆ: ಹಣ ಕೊಟ್ಟ ಜಾಹೀರಾತು, ಕಳಿಸಿದ ಹೇಳಿಕೆ, ಪತ್ರಿಕೆಯ ಸ್ವಂತ ಬರಹ. ಮೂರನೆಯದನ್ನು ಮಾತ್ರ ಚಿತ್ರಣದ ಲೆಕ್ಕಕ್ಕೆ ತೆಗೆದುಕೊಂಡೆ. ಕಟ್ಟು ಬಹಳ ತೆಳುವಾಯಿತು.

ಈಗ ಉಳಿದದ್ದನ್ನು ಓದಬೇಕಿತ್ತು. ಇಲ್ಲಿ ನನ್ನ ಕನ್ನಡವೇ ಅಡ್ಡ ಬಂತು.

ಅರಬ್ಬಿಯಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಮೊದಲು ಬರುತ್ತದೆ, ಹೆಣ್ಣೋ ಗಂಡೋ ಎಂಬುದು ಅಲ್ಲೇ ತಿಳಿದುಬಿಡುತ್ತದೆ. 'ಕಾಲ' ಅಂದರೆ ಅವನು ಹೇಳಿದ, 'ಕಾಲತ್' ಅಂದರೆ ಅವಳು ಹೇಳಿದಳು. ಹೆಸರು ಬರುವ ಮೊದಲೇ ಮಾತಾಡಿದ್ದು ಹೆಂಗಸು ಎಂದು ಓದುಗನಿಗೆ ಗೊತ್ತು. ನಾನು ಮರ್ಯಾದೆಯಿಂದ 'ಹೇಳಿದರು', 'ಒತ್ತಾಯಿಸಿದರು' ಎಂದು ಬರೆದುಕೊಳ್ಳುತ್ತಿದ್ದೆ. ವಾರ ಬಿಟ್ಟು ನೋಡಿದರೆ ಯಾವ ಸಾಲು ಯಾರದ್ದೆಂದು ನನಗೇ ತಿಳಿಯದು. ಆಮೇಲೆ ಮರ್ಯಾದೆ ಬದಿಗಿಟ್ಟು 'ಹೇಳಿದಳು' ಎಂದೇ ಬರೆದೆ. ಆಗ ಕಂಡದ್ದು: ಕ್ರಿಯಾಪದವೇ ಹೆಣ್ಣೆಂದು ಸಾರಿದ ಮೇಲೂ, ಅಭ್ಯರ್ಥಿ ಎಂಬರ್ಥದ 'ಮುರಶ್ಶಹಾ' ಪದವೇ ಸ್ತ್ರೀಲಿಂಗವಾಗಿದ್ದರೂ, ಶೀರ್ಷಿಕೆ ಅಷ್ಟಕ್ಕೆ ಬಿಡುತ್ತಿರಲಿಲ್ಲ. 'ಮೃದು ಲಿಂಗ' ಎಂಬರ್ಥದ 'ಅಲ್ ಜಿನ್ಸ್ ಅಲ್ ನಾಇಮ್', 'ಸ್ತ್ರೀ ಅಂಶ' ಎಂಬರ್ಥದ 'ಅಲ್ ಉನ್ಸುರ್ ಅನ್ನಿಸಾಈ', ಕೆಲವೊಮ್ಮೆ ಬರೀ 'ಹವ್ವಾ'. ಆದಮನ ಹವ್ವಾ! ಕ್ಷೇತ್ರದ ರಸ್ತೆ, ಆಸ್ಪತ್ರೆಯ ಬಗ್ಗೆ ಮಾತಾಡಲು ಬಂದವಳನ್ನು ಹೆಸರಿನಿಂದ ಕರೆಯದೆ ಇಡೀ ಹೆಣ್ಣುಕುಲದ ಮೊದಲ ಹೆಣ್ಣಿನ ಹೆಸರಿನಿಂದ ಕರೆಯುವುದು.

ಪಕ್ಕದ ಮೇಜಿನಲ್ಲಿ ಈಜಿಪ್ಟಿನ ಹಿರಿಯ ಅನುವಾದಕರೊಬ್ಬರಿದ್ದರು. ಎಲ್ಲರಿಗೂ ಅವರು 'ಉಸ್ತಾದ್'. ಒಂದು ದಿನ ಕೇಳಿದೆ, "ಉಸ್ತಾದ್, ಸಂಸದನಿಗೆ ನಾಇಬ್. ಒಬ್ಬಳು ಗೆದ್ದರೆ ನಾಇಬಾ ಅಂತ ಬರೆಯಲೇ?" ಅವರು ಕನ್ನಡಕ ತೆಗೆದು ನಿಘಂಟು ನನ್ನ ಕಡೆ ತಳ್ಳಿದರು. "ನೋಡು, ಯಾ ಬಿಂತಿ (ಮಗಳೇ)." ನಾಇಬಾ ಎಂದರೆ ವಿಪತ್ತು, ಕೇಡುಗಾಲ. ಅದರ ಬಹುವಚನ ನವಾಇಬ್ ಅಂದರೆ ಬಂದೆರಗುವ ಕಷ್ಟಗಳು. "ಪದದ್ದೇನೂ ತಪ್ಪಿಲ್ಲ," ಅಂದರು, "ಇಷ್ಟು ಕಾಲ ಇಲ್ಲಿ ಆ ಪದವನ್ನು ಹೆಣ್ಣಿಗೆ ಬಳಸುವ ಪ್ರಸಂಗವೇ ಬಂದಿರಲಿಲ್ಲ. ಬಳಸುತ್ತಾ ಹೋದರೆ ಹಳೆಯ ಅರ್ಥ ಹಿಂದೆ ಸರಿಯುತ್ತದೆ." ಆ ಮಾತನ್ನು ಪುಸ್ತಕದ ಒಳರಟ್ಟಿನ ಮೇಲೆ ಬರೆದಿಟ್ಟುಕೊಂಡೆ.

ಆ ವರ್ಷ 27ರಲ್ಲಿ ಒಬ್ಬರೂ ಗೆಲ್ಲಲಿಲ್ಲ.

ವಿಧಾನ ಒಂದು ಹದಕ್ಕೆ ಬಂದದ್ದು 2009ರಲ್ಲಿ. ಮಾರ್ಚಿನಲ್ಲಿ ಸಂಸತ್ತು ವಿಸರ್ಜನೆಯಾಗಿ ಮೇ 16ಕ್ಕೆ ಮತ್ತೆ ಚುನಾವಣೆ ಬಂತು. ಈ ಸಲ ಸ್ಕೇಲು ಮುಟ್ಟಲಿಲ್ಲ. ಪ್ರತಿ ಬರಹಕ್ಕೆ ನಾಲ್ಕು ಪ್ರಶ್ನೆ: ಅವಳನ್ನು ಏನೆಂದು ಕರೆದಿದ್ದಾರೆ? ಮೊದಲ ಕ್ರಿಯಾಪದ ಯಾವುದು? ಸಂದರ್ಶನವಾದರೆ ಮೊದಲ ಪ್ರಶ್ನೆ ಏನು? ಅದೇ ಪುಟದಲ್ಲಿ ಗಂಡಸು ಅಭ್ಯರ್ಥಿಗೆ ಇದೇ ಪ್ರಶ್ನೆ ಕೇಳಿದ್ದಾರೆಯೇ?

ಎರಡನೆಯ ಮತ್ತು ನಾಲ್ಕನೆಯ ಪ್ರಶ್ನೆಗಳಿಂದ ಕಲಿತಷ್ಟು ಬೇರಾವುದರಿಂದಲೂ ಕಲಿಯಲಿಲ್ಲ. 'ಹದ್ದರ' (ಎಚ್ಚರಿಸಿದ), 'ಕಶಫ' (ಬಯಲು ಮಾಡಿದ) ನನ್ನ ಪಟ್ಟಿಯಲ್ಲಿ ಗಂಡಸರ ಕಡೆ ಸಾಲುಗಟ್ಟಿದವು. ಹೆಂಗಸರ ಕಡೆ 'ತಮನ್ನತ್' (ಆಶಿಸಿದಳು), 'ನಾಶದತ್' (ಮೊರೆಯಿಟ್ಟಳು) ಬರುತ್ತಿದ್ದವು. ಒಂದು ಪದ ಆರಿಸುವಾಗ ಉಪಸಂಪಾದಕ ಏನೂ ಯೋಚಿಸಿರಲಿಕ್ಕಿಲ್ಲ. ನನ್ನನ್ನು ಕಾಡಿದ್ದು ಅದೇ. ಇನ್ನು ಸಂದರ್ಶನಗಳಲ್ಲಿ: ಗಂಡ ಒಪ್ಪಿದ್ದಾರೆಯೇ, ದೀವಾನಿಯಾಗಳಿಗೆ ಹೋಗುತ್ತೀರಾ? ದೀವಾನಿಯಾ ಎಂದರೆ ಸಂಜೆ ಗಂಡಸರು ಸೇರುವ ಬೈಠಕ್. ಕುವೈತಿನ ರಾಜಕೀಯ ಅಲ್ಲೇ ಕುದಿಯುತ್ತದೆ. ಹಾಗಾಗಿ ಪ್ರಶ್ನೆ ಅರ್ಥವಿಲ್ಲದ್ದಲ್ಲ. ಆದರೆ ಹೆಂಗಸರ ಮತ ಹೇಗೆ ಮುಟ್ಟುತ್ತೀರಿ ಎಂದು ಗಂಡಸರನ್ನು ಕೇಳಿದ್ದು ನನ್ನ ಕಟಿಂಗುಗಳಲ್ಲಿ ಸಿಗಲಿಲ್ಲ. ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ ಇದ್ದ ದೇಶದಲ್ಲಿ!

ವಿರೋಧದ ಬರಹ ಗುರುತಿಸುವುದು ಸುಲಭ. ಮಹಿಳೆಯರಿಗೆ ಮತ ಹಾಕಬೇಡಿ ಎಂದು ಕಟ್ಟಾ ಸಂಪ್ರದಾಯವಾದಿ ಸಲಫಿ ಗುಂಪು ಕರೆ ಕೊಟ್ಟಾಗ ಅದು ಸುದ್ದಿಯಾಯಿತು, ಅದಕ್ಕೆ ಉತ್ತರವೂ ಬಂತು. ನನಗೆ ಕಷ್ಟವಾದದ್ದು ಹೊಗಳಿಕೆ. ಮಹಿಳೆಯರ ಪರವಾಗಿದ್ದ ಉದಾರವಾದಿ ಪತ್ರಿಕೆಗಳೂ ಅವರನ್ನು ಇತಿಹಾಸ, ಕನಸು, ಕುವೈತಿನ ಹೊಸ ಮುಖ ಎಂದು ಕೊಂಡಾಡಿದವು. ಅದು ಸಾಲ ಮನ್ನಾ ಮತ್ತು ಆರ್ಥಿಕ ಸ್ಥಿರತೆ ಕಾಯ್ದೆಯ ಜಗಳದ ವರ್ಷ. ಅಭ್ಯರ್ಥಿಗಳಲ್ಲೊಬ್ಬರಾದ ರೋಲಾ ದಶ್ತಿ ಅರ್ಥಶಾಸ್ತ್ರಜ್ಞೆ. ಆದರೂ ನನ್ನ ಕಡತದಲ್ಲಿ ಮಹಿಳಾ ಅಭ್ಯರ್ಥಿಗಳ ಪುಟ ಒಂದು ಕಡೆ, ಆರ್ಥಿಕತೆಯ ಪುಟ ಇನ್ನೊಂದು ಕಡೆ. ಪ್ರೀತಿಯಿಂದ ಬರೆದವರೂ ಹೀಗೆ ಬೇರ್ಪಡಿಸಿದ್ದು ನನಗೆ ನಿಜಕ್ಕೂ ನೋವಾಯಿತು. ಹೆಸರಿಗೂ ಮೊದಲು ಬರುವ 'ದಾಲ್' ಅಕ್ಷರ, ಅಂದರೆ ಡಾಕ್ಟರೇಟಿನ ಗುರುತು, ಒಂದೇ ಸ್ವಲ್ಪ ಕಾಪಾಡಿತು. ಅದು ಇದ್ದಲ್ಲಿ 'ಹವ್ವಾ' ಕಡಿಮೆ.

ಮೇ 17ರ ಭಾನುವಾರ ಬೆಳಗ್ಗೆ ಫಲಿತಾಂಶ. ನಾಲ್ವರು ಗೆದ್ದಿದ್ದರು. ಮಅಸೂಮಾ ಅಲ್ ಮುಬಾರಕ್ ಮೊದಲನೇ ಕ್ಷೇತ್ರದ ಹತ್ತು ಸ್ಥಾನಗಳಲ್ಲಿ ಮೊದಲ ಸ್ಥಾನಕ್ಕೇ ಬಂದಿದ್ದರು. ಮೂರನೇ ಕ್ಷೇತ್ರದಿಂದ ಅಸೀಲ್ ಅಲ್ ಅವದೀ, ರೋಲಾ ದಶ್ತಿ. ಎರಡನೆಯದರಿಂದ ಸಲ್ವಾ ಅಲ್ ಜಸ್ಸಾರ್. ಅದೇ ವರ್ಷ ಅಕ್ಟೋಬರಿನಲ್ಲಿ ಸಂವಿಧಾನ ನ್ಯಾಯಾಲಯ, ಸಂಸದೆಯರು ಹಿಜಾಬ್ ಧರಿಸಲೇಬೇಕೆಂದೇನಿಲ್ಲ ಎಂದು ತೀರ್ಪು ಕೊಡಬೇಕಾಗಿ ಬಂತು. ನನ್ನ ಕಟ್ಟಿನಲ್ಲಿ ಆ ಕಟಿಂಗುಗಳೂ ಸೇರಿದವು.

ಆದರೆ ಆ ಭಾನುವಾರ ನನ್ನ ಮುಂದಿದ್ದದ್ದು ಒಂದೇ ಸಾಲಿನ ಕೆಲಸ: ಫಲಿತಾಂಶದ ಅರಬ್ಬಿ ಪಟ್ಟಿಯಲ್ಲಿ ಹೆಸರಿನ ಮುಂದೆ ಸ್ಥಾನಸೂಚಕ ತುಂಬುವುದು. ನಾಇಬ್ ಎಂದು ಪುಲ್ಲಿಂಗದಲ್ಲಿ ಬರೆದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಉಸ್ತಾದರ ಕಡೆ ನೋಡಿದೆ. ಅವರು ತಲೆಯಾಡಿಸಿದರು. ನಾಲ್ಕು ಹೆಸರಿನ ಮುಂದೆಯೂ 'ನಾಇಬಾ' ಎಂದು ಬರೆದು, ಕೊನೆಯಲ್ಲಿ ಸ್ತ್ರೀಲಿಂಗ ಸೂಚಿಸುವ ಅಕ್ಷರವಾದ ತಾ ಮರ್ಬೂತಾದ ಎರಡು ಚುಕ್ಕೆ ಸ್ಪಷ್ಟವಾಗಿವೆಯೇ ಎಂದು ಮತ್ತೊಮ್ಮೆ ನೋಡಿ ಕಳಿಸಿದೆ.