ಅಪ್ಪನ ನೆನಪಿನ ಪುಸ್ತಿಕೆ: ಹೊಗಳಿಕೆ ಬಿಟ್ಟು ಬದುಕನ್ನು ಬರೆಯುವ ಬಗೆ

‘ಶ್ರಮಜೀವಿ, ದೈವಭಕ್ತ, ಕುಟುಂಬವತ್ಸಲ, ಸರಳ ಸಜ್ಜನ.’ ವೈಕುಂಠ ಸಮಾರಾಧನೆ, ಶಿವಗಣಾರಾಧನೆಗಳಲ್ಲಿ ಹಂಚುವ ನುಡಿನಮನದ ಪುಸ್ತಿಕೆಗಳಲ್ಲಿ ಈ ನಾಲ್ಕು ಪದ ತಪ್ಪುವುದೇ ಇಲ್ಲ. ಹೆಸರು ಬದಲಿಸಿದರೆ ಯಾರಿಗಾದರೂ ಸಲ್ಲುತ್ತವೆ. ಮೊಮ್ಮಗ ಇಪ್ಪತ್ತು ವರ್ಷದ ನಂತರ ಓದಿದರೆ ಅವನಿಗೆ ಅಜ್ಜ ಸಿಗುವುದಿಲ್ಲ.

ಮೊದಲು ಸಮಯದ ಲೆಕ್ಕ. ಹದಿಮೂರನೆಯ ದಿನಕ್ಕೆ ಪುಸ್ತಿಕೆ ತರಲು ಹೊರಟರೆ ಸೂತಕದ ಮನೆಯಲ್ಲಿ ಮಾಹಿತಿಯೂ ಸಿಗದು, ಕರಡು ತಿದ್ದಲು ಬಿಡುವೂ ಇರದು. ಆ ದಿನಕ್ಕೆ ಫೋಟೊ, ಎರಡು ತಾರೀಖು, ಇನ್ನೂರು ಪದಗಳ ಒಂದು ಹಾಳೆ ಸಾಕು. ಪುಸ್ತಿಕೆಯನ್ನು ವರ್ಷಾಂತಿಕಕ್ಕೆ ಇಟ್ಟುಕೊಳ್ಳಿ.

ಮಾಹಿತಿಯನ್ನು ಟ್ರಂಕಿನಿಂದ ಶುರು ಮಾಡಿ. ಲಗ್ನಪತ್ರಿಕೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಹಣಿ, ಸೊಸೈಟಿ ಸಾಲದ ಪುಸ್ತಕ, ಡೇರಿಗೆ ಹಾಲು ಹಾಕಿದ ಕಾರ್ಡು, ನೌಕರಿಯಲ್ಲಿದ್ದವರಾದರೆ ಸೇವಾ ಪುಸ್ತಕದ ನಕಲು. ಹಳೆಯ ಗೋಡೆ ಕ್ಯಾಲೆಂಡರುಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ. ಹಸು ಗಬ್ಬವಾದ ದಿನ, ಕೈಗಡ ಕೊಟ್ಟದ್ದು, ಮಗಳು ತವರಿಗೆ ಬಂದದ್ದು ಎಲ್ಲವೂ ಅವುಗಳ ಮೇಲೇ ಬರೆದಿರುತ್ತದೆ.

ಹುಟ್ಟಿದ ತಾರೀಖಿನಲ್ಲಿ ಎಚ್ಚರ ಬೇಕು. ಹಳೆಯ ತಲೆಮಾರಿನವರನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ತಾರೀಖು ಬರೆದುಕೊಂಡದ್ದೇ ಹೆಚ್ಚು. ಜಾತಕದಲ್ಲಿ ಸಂವತ್ಸರ ಇದ್ದರೆ ಅದನ್ನು ನಂಬಿ, ಆದರೆ ಸಂವತ್ಸರ ಯುಗಾದಿಯಿಂದ ಯುಗಾದಿಗೆ ಎಂಬುದು ನೆನಪಿರಲಿ. ವಿಕೃತಿ ಸಂವತ್ಸರ 1950ರ ಯುಗಾದಿಗೆ ಶುರುವಾಗಿದ್ದರಿಂದ, ಅದರ ಮಾಘ ಮಾಸದಲ್ಲಿ ಹುಟ್ಟಿದವರ ಇಸವಿ 1951. ಈ ಒಂದು ವರ್ಷದ ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ.

ಅಮ್ಮನನ್ನೋ ದೊಡ್ಡಪ್ಪನನ್ನೋ ‘ಯಾವ ಇಸವಿ?’ ಎಂದು ಕೇಳಿದರೆ ಉತ್ತರ ಬಾರದು. ‘ಇಂದಿರಾ ಗಾಂಧಿ ಹೋದಾಗ (1984) ಯಾವ ಮನೆಯಲ್ಲಿದ್ರಿ? ರಾಜ್‌ಕುಮಾರ್ ಅಪಹರಣ ಆದಾಗ (2000) ಮಗು ಹುಟ್ಟಿತ್ತಾ?’ ಎಂದು ಕೇಳಿ, ಎಳೆ ಬಿಚ್ಚಿಕೊಳ್ಳುತ್ತದೆ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. ಅಳು ಬಂದರೆ ಅಲ್ಲಿಗೇ ನಿಲ್ಲಿಸಿ. ಅಣ್ಣ ತಮ್ಮಂದಿರನ್ನು ಒಟ್ಟಿಗೆ ಕೂರಿಸಬೇಡಿ. ಗಟ್ಟಿ ದನಿಯವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ.

ಬರೆಯುವಾಗ ಒಂದೇ ನಿಯಮ: ಪ್ರತಿ ಗುಣವಾಚಕವನ್ನು ಹೊಡೆದು ಆ ಜಾಗದಲ್ಲಿ ಅವರು ಮಾಡುತ್ತಿದ್ದ ಕೆಲಸವನ್ನು ಇಡಿ. ‘ಶ್ರಮಜೀವಿ’ ಬೇಡ; ಎಷ್ಟು ಗಂಟೆಗೆ ಏಳುತ್ತಿದ್ದರು, ಸೈಕಲ್ಲಿನಲ್ಲಿ ಎಷ್ಟು ಮೈಲಿ, ಎಷ್ಟು ಗುಂಟೆಯಲ್ಲಿ ಯಾವ ಬೆಳೆ, ಅಂಗೈಯಲ್ಲಿ ಎಲ್ಲಿ ಜಡ್ಡುಗಟ್ಟಿತ್ತು ಎಂಬುದು ಬರಲಿ. ಭಕ್ತಿಯ ವಿಷಯದಲ್ಲಿ ಕ್ಷೇತ್ರಗಳ ಹೆಸರು ಪೋಣಿಸಿದರೆ ಪ್ರವಾಸದ ಪಟ್ಟಿಯಾಗುತ್ತದೆ. ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋದದ್ದು ಯಾವ ಹರಕೆಗೆ? ಶ್ರಾವಣ ಶನಿವಾರದ ಒಪ್ಪೊತ್ತು ಯಾವಾಗ ಶುರುವಾಯಿತು, ಯಾರ ಕಾಯಿಲೆಯಿಂದ? ಸಂಜೆ ದೀಪ ಹಚ್ಚುವಾಗ ಯಾವ ವಚನ, ಯಾವ ದೇವರನಾಮ ಹೇಳುತ್ತಿದ್ದರು, ಯಾವ ಸಾಲು ತಪ್ಪುತ್ತಿತ್ತು? ಆ ತಪ್ಪನ್ನೂ ತಪ್ಪಾಗಿಯೇ ಬರೆಯಿರಿ, ಮನೆಯವರಿಗೆ ಅವರ ದನಿ ಕೇಳಿಸುವುದು ಅಲ್ಲೇ. ಸಂಸಾರದ ಮಾತಿಗೆ ಸಂತೆಯ ಚೀಲ ನೆನೆಯಿರಿ: ಅದರಲ್ಲಿ ಯಾರಿಗೆ ಏನಿರುತ್ತಿತ್ತು, ಫೀಸು ಕಟ್ಟುವ ತಿಂಗಳು ಏನಿರುತ್ತಿರಲಿಲ್ಲ.

ಸಿಟ್ಟು, ಹಟ ಇದ್ದರೆ ಬರೆಯಬಹುದು. ಪಾಲಿನ ಜಗಳ ಮತ್ತು ಕೊನೆಯ ದಿನಗಳ ಆಸ್ಪತ್ರೆಯ ವಿವರ ಮಾತ್ರ ಅಮ್ಮ ಒಪ್ಪದೆ ಅಚ್ಚಿಗೆ ಹೋಗಬಾರದು.

ಎ4 ಹಾಳೆ ಮಡಚಿ ಮಧ್ಯೆ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು 4ರ ಲೆಕ್ಕದಲ್ಲೇ ಇರಬೇಕು. 16 ಪುಟ ಹಿತವಾದ ಅಳತೆ. 12 ಪಾಯಿಂಟಿನಲ್ಲಿ ಸುಮಾರು 1,500 ಪದ, ಆರೇಳು ಫೋಟೊ ಹಿಡಿಸುತ್ತವೆ. ಪಾಸ್‌ಪೋರ್ಟ್ ಅಳತೆಯ ಹಳೇ ಫೋಟೊ ದೊಡ್ಡದಾಗಬೇಕಿದ್ದರೆ 1200 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಕುಗ್ಗಿ, ಅಚ್ಚಿನಲ್ಲಿ ಮುಖ ಮಸುಕಾಗುತ್ತದೆ.

ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್, ಅಂದರೆ ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ. ಡಿಟಿಪಿ ಅಂಗಡಿಯವರು ಅದನ್ನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿಗೆ ಬದಲಿಸಿದರೆ ಅರ್ಕಾವತ್ತು, ಒತ್ತಕ್ಷರ ಕೆಡಬಹುದು. ಅಲ್ಲದೆ ಅವರು ಹಿಂದಿನ ಗಿರಾಕಿಯ ಫೈಲಿನ ಮೇಲೇ ಕೆಲಸ ಮಾಡಿದ್ದರೆ ‘ಲಿಂಗೈಕ್ಯ’ ಇರಬೇಕಾದಲ್ಲಿ ‘ವೈಕುಂಠವಾಸಿ’ ಉಳಿದುಬಿಟ್ಟಿರುತ್ತದೆ. ಕರಡನ್ನು ಪರದೆಯ ಮೇಲೆ ನೋಡಬೇಡಿ, ಕಾಗದದ ಮೇಲೆ ತೆಗೆಸಿ. ಮಕ್ಕಳು, ಸೊಸೆ, ಅಳಿಯ, ಮೊಮ್ಮಕ್ಕಳ ಹೆಸರಿನ ಪುಟವನ್ನು ಇಬ್ಬರು ಬೇರೆ ಬೇರೆಯಾಗಿ ಗಟ್ಟಿಯಾಗಿ ಓದಲಿ. ಎಳವೆಯಲ್ಲೇ ತೀರಿಕೊಂಡ ಮಗುವಿದ್ದರೆ ಅದರ ಹೆಸರು ಬೇಕೇ ಎಂದು ಅಮ್ಮನನ್ನು ಕೇಳಿ, ಆಮೇಲೆ ಅಚ್ಚಿಗೆ ಕೊಡಿ.