ಹಳೆಯ ಕೆಂಪು ವೈನ್ ಸವಿಯುವ ಮುನ್ನ: ತಳದ ಗಷ್ಟು ಕದಡದಿರಲಿ

ಹಳೆಯ ಕೆಂಪು ವೈನ್ ಕೆಡುವುದು ಹೆಚ್ಚಾಗಿ ಬಾಟಲಿ ತೆರೆಯುವ ಹೊತ್ತಿನಲ್ಲೇ. ವರ್ಷಗಟ್ಟಲೆ ಜೋಪಾನ ಮಾಡಿದ್ದನ್ನು ಗೆಳೆಯರು ಬಂದ ಖುಷಿಯಲ್ಲಿ ಕುಲುಕಿ, ಕಾರ್ಕ್ ಪುಡಿ ಮಾಡಿ, ಗಬಗಬ ಬಗ್ಗಿಸಿಬಿಡುತ್ತಾರೆ. ಆಮೇಲೆ ‘ಕಹಿ ಇದೆ’ ಅಂತ ದೂರುತ್ತಾರೆ.

ಮೊದಲು ಆಯ್ಕೆ. ಮೂರು ನಾಲ್ಕು ಬಾಟಲಿ ಸಾಕು. ಜಾಸ್ತಿಯಾದರೆ ಒಗರಿಗೆ ನಾಲಿಗೆ ಮರಗಟ್ಟುತ್ತದೆ. 750 ಮಿ.ಲೀ. ಬಾಟಲಿಯಲ್ಲಿ ತಲಾ 60 ಮಿ.ಲೀ.ನಂತೆ 12 ಜನ ರುಚಿ ನೋಡಬಹುದು. ಒಂದೇ ತಯಾರಕರ ಬೇರೆ ಬೇರೆ ವರ್ಷದ ವೈನ್ ತನ್ನಿ, ಇಲ್ಲವೇ ಒಂದೇ ಊರಿನ, ಒಂದೇ ವರ್ಷದ, ಬೇರೆ ಬೇರೆ ತಯಾರಕರದ್ದು ತನ್ನಿ. ದ್ರಾಕ್ಷಿ, ಮಣ್ಣು, ವರ್ಷ ಎಲ್ಲವೂ ಬೇರೆಯಾದರೆ ರುಚಿ ಯಾಕೆ ಬೇರೆ ಅಂತ ತಿಳಿಯುವುದೇ ಇಲ್ಲ. ನನ್ನ ಆಯ್ಕೆ ಇಟಲಿಯ ಬರೋಲೊ. ನೆಬ್ಬಿಯೋಲೊ ದ್ರಾಕ್ಷಿಯೊಂದರಿಂದಲೇ ಆಗುವ ವೈನ್ ಇದು. ಮಾರುವ ಮೊದಲು ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ವಯಸ್ಸಾದಂತೆ ಒಗರು ಮೆತ್ತಗಾಗುವುದು ಇದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಈಗ ಮುಖ್ಯ ಕೆಲಸ. ವರ್ಷಗಳು ಕಳೆದಂತೆ ವೈನಿನ ಟ್ಯಾನಿನ್ (ಒಗರು ಕೊಡುವ ಅಂಶ) ಮತ್ತು ಬಣ್ಣದ ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ ಕೆಳಗಿಳಿಯುತ್ತವೆ. ಅದೇ ಗಷ್ಟು. ಅಪಾಯವೇನಿಲ್ಲ, ಆದರೆ ಬಾಯಿಗೆ ಕಹಿ, ಮರಳು ಮರಳು. ಮಲಗಿಸಿಟ್ಟ ಬಾಟಲಿಯನ್ನು ಕನಿಷ್ಠ ಒಂದು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ. ಎರಡು ದಿನವಾದರೆ ಇನ್ನೂ ಒಳ್ಳೆಯದು. ಆಮೇಲೆ ಲೇಬಲ್ ತೋರಿಸಲಿಕ್ಕೂ ಅದನ್ನು ಎತ್ತಾಡಬೇಡಿ.

ಹಳೆಯ ಕಾರ್ಕ್ ಮೆತ್ತಗಾಗಿರುತ್ತದೆ. ಸ್ಕ್ರೂ ತಿರುಗಿಸಿದರೆ ಪುಡಿಯಾಗಬಹುದು. ಎರಡು ತೆಳು ಅಲಗುಗಳ ಓಪನರ್ ಕೊಂಡಿಟ್ಟುಕೊಳ್ಳಿ. ಅಲಗುಗಳನ್ನು ಕಾರ್ಕ್ ಮತ್ತು ಗಾಜಿನ ನಡುವೆ ಅತ್ತಿತ್ತ ಒತ್ತುತ್ತಾ ಇಳಿಸಿ, ತಿರುಗಿಸುತ್ತಾ ಮೇಲೆಳೆಯಿರಿ. ಚೂರು ಒಳಗೆ ಬಿದ್ದರೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಸಾಕು.

ಕುತ್ತಿಗೆಯ ಹಾಳೆಯನ್ನು ಪೂರ್ತಿ ತೆಗೆದು, ಬಾಯಿ ಒರೆಸಿ, ಕುತ್ತಿಗೆಯ ಹಿಂದೆ ಟಾರ್ಚ್ ಇಡಿ. ಮೇಣದಬತ್ತಿ ಬೇಡ, ಅದರ ವಾಸನೆ ವೈನಿನ ಘಮಕ್ಕೆ ಅಡ್ಡ ಬರುತ್ತದೆ. ಡಿಕ್ಯಾಂಟರ್‌ಗೆ, ಅಂದರೆ ವೈನ್ ಬಗ್ಗಿಸಿಡುವ ಗಾಜಿನ ಹೂಜಿಗೆ, ನಿಧಾನವಾಗಿ, ಒಂದೇ ಧಾರೆಯಲ್ಲಿ ಬಗ್ಗಿಸಿ. ನಡುವೆ ಬಾಟಲಿಯನ್ನು ನೆಟ್ಟಗೆ ಮಾಡಿದಿರೋ, ಅಷ್ಟು ಹೊತ್ತು ತಳದಲ್ಲಿ ಕೂತಿದ್ದೆಲ್ಲ ಎದ್ದುಬಿಡುತ್ತದೆ. ಗಷ್ಟಿನ ಕಪ್ಪು ಎಳೆ ಕುತ್ತಿಗೆಯ ಹತ್ತಿರ ಬಂದ ಕೂಡಲೇ ನಿಲ್ಲಿಸಿ. ತಳದಲ್ಲಿ ಉಳಿದದ್ದಕ್ಕೆ ಆಸೆ ಪಡಬೇಡಿ.

ಡಿಕ್ಯಾಂಟರ್‌ನಲ್ಲಿ ಗಾಳಿಗೆ ಬಿಡುವುದು ಎಷ್ಟು ಹೊತ್ತು? ಹತ್ತು ವರ್ಷದ ಗಟ್ಟಿ ವೈನ್‌ಗೆ ಒಂದು ಗಂಟೆ ಕೊಡಿ. ಇಪ್ಪತ್ತು ದಾಟಿದ್ದರೆ ತಕ್ಷಣ ಬಡಿಸಿ, ಅದರ ಘಮ ಬೇಗ ಹಾರಿಹೋಗುತ್ತದೆ. ಬಾಟಲಿ ಬಾಯಿಗೆ ಸಿಕ್ಕಿಸಿ ವೈನಿಗೆ ಗಾಳಿ ಬೆರೆಸುವ ಏರೇಟರ್‌ಗಳನ್ನು ಹಳೆಯ ವೈನಿನ ಹತ್ತಿರವೂ ತರಬೇಡಿ.

ಬಿಸಿ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಲಿ. ಅದಕ್ಕಿಂತ ಹೆಚ್ಚಾದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಎಲ್ಲರಿಗೂ ಒಂದೇ ಆಕಾರದ, ಸೋಪಿನ ವಾಸನೆಯಿಲ್ಲದ ಗ್ಲಾಸ್ ಕೊಡಿ. ಸೆಂಟ್ ಹಾಕಿಕೊಂಡು ಬರಬೇಡಿ ಅಂತ ಮೊದಲೇ ಹೇಳಿಬಿಡಿ.

ಡಿಕ್ಯಾಂಟರ್‌ಗಳಿಗೆ ಬರೀ ನಂಬರ್ ಹಾಕಿ, ಬಾಟಲಿಗಳನ್ನು ಬಚ್ಚಿಡಿ. ಹೆಸರು, ಬೆಲೆ ಕಂಡರೆ ನಾಲಿಗೆ ಅದನ್ನೇ ನಂಬುತ್ತದೆ, ಅಲ್ವಾ? ಬಿಳಿ ಕಾಗದದ ಮೇಲೆ ಗ್ಲಾಸ್ ಓರೆ ಮಾಡಿ ಅಂಚು ನೋಡಿ. ವಯಸ್ಸಾದಂತೆ ಬಣ್ಣ ಇಟ್ಟಿಗೆಯ ಕಡೆ ವಾಲುತ್ತದೆ. ಮೂಸಿ, ಗುಟುಕರಿಸಿ, ಬಾಯಲ್ಲಿ ಆಡಿಸಿ, ಉಗುಳಿ. ಉಗುಳಲು ಪಾತ್ರೆ ಇಡಲೇಬೇಕು. ಮೊದಲ ಐದು ನಿಮಿಷ ಯಾರೂ ಮಾತಾಡದೆ ಅನಿಸಿದ್ದನ್ನು, ಕೊಟ್ಟ ಅಂಕವನ್ನು ಬರೆದುಕೊಳ್ಳಿ. ಒಬ್ಬರು ‘ಚರ್ಮದ ವಾಸನೆ’ ಅಂದರೆ ಉಳಿದವರಿಗೂ ಅದೇ ಬರುತ್ತದೆ. ಚೀಸ್ ಆಮೇಲೆ ಕೊಡಿ, ಅದು ಒಗರನ್ನು ಮುಚ್ಚಿಹಾಕುತ್ತದೆ. ನಡುವೆ ನೀರು, ಸಪ್ಪೆ ಬ್ರೆಡ್ ಸಾಕು. ಅರ್ಧ ಗಂಟೆ ಬಿಟ್ಟು ಮೊದಲ ಗ್ಲಾಸಿಗೆ ಮತ್ತೆ ಬನ್ನಿ. ಎಷ್ಟೋ ಸಲ ಅಂಕ ತಿದ್ದಬೇಕಾಗುತ್ತದೆ.

ಒದ್ದೆ ರಟ್ಟಿನ ವಾಸನೆ ಬಂದರೆ ಅದು ಕಾರ್ಕಿನಿಂದ ಬಂದ ದೋಷ. ಕಾದರೂ ಹೋಗುವುದಿಲ್ಲ. ಸುಮ್ನೆ ಪಕ್ಕಕ್ಕಿಟ್ಟು ಇನ್ನೊಂದು ತೆರೆಯಿರಿ.